ಮಿಶೆಲ್ ಮಿರೋವ್ಸ್ಕಿ

ಮಿಶೆಲ್ ಮಿರೋವ್ಸ್ಕಿ (14 ಅಕ್ಟೋಬರ್ 1924 – 26 ಮಾರ್ಚ್ 1990) ಪೋಲೆಂಡ್‌ನಲ್ಲಿ ಜನಿಸಿ, ಇಸ್ರೇಲ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸೇವೆ ಸಲ್ಲಿಸಿದ ಹೃದ್ರೋಗ ತಜ್ಞರು ಹಾಗೂ ವೈದ್ಯಕೀಯ ಉಪಕರಣದ ಆವಿಷ್ಕಾರಕರು. ದೇಹದೊಳಗೆ ಅಳವಡಿಸುವ ಸ್ವಯಂಚಾಲಿತ ಡಿಫಿಬ್ರಿಲೇಟರ್ ಇವರ ಕಲ್ಪನೆಯಿಂದ ಮೂಡಿದ ಸಾಧನ. ಇಂದು ಐಸಿಡಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವ ಈ ಸಾಧನವು ಹೃದಯದ ಬಡಿತವನ್ನು ಸದಾ ಗಮನಿಸುತ್ತಿದ್ದು, ಪ್ರಾಣಾಪಾಯ ತರುವ ಲಯಭಂಗ ಕಂಡೊಡನೆ ತಾನಾಗಿಯೇ ವಿದ್ಯುದಾಘಾತ ನೀಡಿ ಹೃದಯವನ್ನು ಸಹಜ ಲಯಕ್ಕೆ ತರುತ್ತದೆ. 1966ರಲ್ಲಿ ತಮ್ಮ ಗುರುವಿನ ಹಠಾತ್ ಮರಣದಿಂದ ಈ ವಿಚಾರವನ್ನು ಕೈಗೆತ್ತಿಕೊಂಡ ಮಿರೋವ್ಸ್ಕಿ, ಹೃದ್ರೋಗ ವಿಜ್ಞಾನದ ಅಗ್ರಗಣ್ಯರ ವಿರೋಧದ ನಡುವೆಯೂ ಅದನ್ನು ಬಿಡದೆ, 1980ರಲ್ಲಿ ಮೊದಲ ಬಾರಿಗೆ ಮನುಷ್ಯ ದೇಹದಲ್ಲಿ ಅಳವಡಿಸುವ ಹಂತಕ್ಕೆ ತಂದರು.

ಬಾಲ್ಯ ಮತ್ತು ಯುದ್ಧಕಾಲ

ಮಿರೋವ್ಸ್ಕಿಯವರು ವಾರ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅವರ ಹುಟ್ಟುಹೆಸರು ಮೊರ್ದೆಖಾಯ್ ಫ್ರಿಡ್ಮನ್. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯು ಪೋಲೆಂಡ್ ಮೇಲೆ ಆಕ್ರಮಣ ಮಾಡಿದ ನಂತರ, ಹೆಸರಿನಿಂದಲೇ ಯಹೂದಿ ಎಂದು ಗುರುತಾಗುವ ಅಪಾಯವನ್ನು ಮನಗಂಡ ತಂದೆ, ಮಗನಿಗೆ ಮ್ಯೆಚಿಸ್ವಾಫ್ ಮಿರೋವ್ಸ್ಕಿ ಎಂಬ ಪೋಲಿಷ್ ಹೆಸರನ್ನಿಟ್ಟರು. ಮುಂದೆ ವೈದ್ಯಲೋಕ ಅವರನ್ನು ಅರಿತದ್ದು ಮಿಶೆಲ್ ಎಂಬ ಫ್ರೆಂಚ್ ಹೆಸರಿನಿಂದ.

ಅದೇ ವರ್ಷದ ಕೊನೆಯಲ್ಲಿ, ಹದಿನೈದರ ಹರೆಯದ ಬಾಲಕ ಗೆಳೆಯನೊಬ್ಬನ ಜೊತೆಗೂಡಿ ಮನೆ ಬಿಟ್ಟು ಪೂರ್ವಕ್ಕೆ, ಸೋವಿಯತ್ ಒಕ್ಕೂಟದತ್ತ ಹೊರಟನು. ಯುದ್ಧದ ವರ್ಷಗಳನ್ನು ಆ ವಿಶಾಲ ದೇಶದ ಊರಿಂದೂರಿಗೆ ಅಲೆಯುತ್ತ, ಹಸಿವು ರೋಗಗಳನ್ನು ಎದುರಿಸುತ್ತ ಕಳೆಯಬೇಕಾಯಿತು. ಈ ನಿರ್ಗಮನವೇ ಅವರ ಪ್ರಾಣ ಉಳಿಸಿತು. ಮರುವರ್ಷ ವಾರ್ಸಾದ ಯಹೂದಿಗಳನ್ನು ಗೋಡೆ ಕಟ್ಟಿದ ಘೆಟ್ಟೋ ಒಳಗೆ ಕೂಡಿಹಾಕಲಾಯಿತು. 1943ರ ಹೊತ್ತಿಗೆ ಆ ಘೆಟ್ಟೋ ನೆಲಸಮವಾಗಿತ್ತು. ಯುದ್ಧದ ಕೊನೆಯಲ್ಲಿ ಪೋಲೆಂಡ್‌ಗೆ ಮರಳಿದಾಗ ಕುಟುಂಬದಲ್ಲಿ ಬದುಕುಳಿದವರು ತಾವೊಬ್ಬರೇ ಎಂಬುದು ಅವರಿಗೆ ತಿಳಿಯಿತು.

ವೈದ್ಯಕೀಯ ಶಿಕ್ಷಣ

ಯುದ್ಧಾನಂತರ ಗ್ಡಾನ್‌ಸ್ಕ್ ನಗರದಲ್ಲಿ ಒಂದು ವರ್ಷ ವೈದ್ಯಕೀಯ ವ್ಯಾಸಂಗ ಮಾಡಿದ ಮಿರೋವ್ಸ್ಕಿ, ತನ್ನವರೆಲ್ಲರೂ ಅಳಿದ ನೆಲದಲ್ಲಿ ನೆಲೆಸಲು ಮನಸ್ಸಾಗದೆ ಪ್ಯಾಲೆಸ್ಟೈನ್‌ಗೆ ತೆರಳಿದರು. ಆಗ ಅಲ್ಲಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಜೆರುಸಲೇಮ್‌ನ ಮೊದಲ ವೈದ್ಯಕೀಯ ಶಾಲೆ ಆರಂಭವಾದದ್ದು 1949ರಲ್ಲಿ. ಹೀಗಾಗಿ ಅವರು 1947ರಲ್ಲಿ ಫ್ರಾನ್ಸ್‌ನ ಲಿಯಾನ್ ನಗರಕ್ಕೆ ಹೋಗಿ, ಆರಂಭದಲ್ಲಿ ಭಾಷೆಯೇ ತಿಳಿಯದ ತರಗತಿಗಳಲ್ಲಿ ಕುಳಿತು ಓದಿ, ವೈದ್ಯ ಪದವಿ ಪಡೆದರು. ಬಾಳಸಂಗಾತಿ ಆ್ಯನಾ ಅವರ ಪರಿಚಯವಾದದ್ದೂ ಲಿಯಾನ್‌ನಲ್ಲಿಯೇ. ಈ ದಂಪತಿಗೆ ಮೂವರು ಹೆಣ್ಣುಮಕ್ಕಳು.

ಪದವಿಯ ಬಳಿಕ ಇಸ್ರೇಲ್‌ಗೆ ಮರಳಿ, ಟೆಲ್ ಹಶೋಮೆರ್ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಹ್ಯಾರಿ ಹೆಲರ್ ಅವರ ಸಹಾಯಕರಾದರು. ಹೆಲರ್ ಅವರೇ ಮಿರೋವ್ಸ್ಕಿಯವರ ಪಾಲಿನ ಗುರು. ಅನಂತರ ಹೃದ್ರೋಗದಲ್ಲಿ ಹೆಚ್ಚಿನ ತರಬೇತಿಗಾಗಿ ಮೆಕ್ಸಿಕೋ ನಗರದ ರಾಷ್ಟ್ರೀಯ ಹೃದ್ರೋಗ ಸಂಸ್ಥೆಗೂ, ಅಲ್ಲಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೂ ಹೋದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಹೃದ್ರೋಗ ಶಾಸ್ತ್ರದ ಪ್ರವರ್ತಕಿ ಹೆಲೆನ್ ಟೌಸಿಗ್ ಅವರ ಬಳಿ ಕೆಲಸ ಮಾಡುವ ಅವಕಾಶ ದೊರೆಯಿತು. ನ್ಯೂಯಾರ್ಕ್‌ನ ಸ್ಟಾಟನ್ ಐಲ್ಯಾಂಡ್‌ನಲ್ಲಿಯೂ ಸ್ವಲ್ಪ ಕಾಲ ಇದ್ದು, 1963ರಲ್ಲಿ ಇಸ್ರೇಲ್‌ಗೆ ಹಿಂತಿರುಗಿ ಟೆಲ್ ಅವೀವ್ ಸಮೀಪದ ಅಸಾಫ್ ಹರೋಫೆ ಆಸ್ಪತ್ರೆಯ ಹೃದ್ರೋಗ ತಜ್ಞರಾದರು. ಆ ಆಸ್ಪತ್ರೆಗೆ ಆಗ ಅವರೊಬ್ಬರೇ ಹೃದ್ರೋಗ ತಜ್ಞರು. ರೋಗಿಗಳ ಆರೈಕೆಯ ನಡುವೆ ಸಂಶೋಧನೆಗೆ ಬಿಡುವು ಸಿಗುವುದು ಕಷ್ಟವಾಗಿತ್ತು.

ಹೆಲರ್ ಅವರ ಮರಣ

ಹೃದಯದ ಕೆಳಭಾಗದ ಎರಡು ಕೋಣೆಗಳಾದ ಹೃತ್ಕುಕ್ಷಿಗಳು ಸಂಕುಚಿಸಿದಾಗ ರಕ್ತವು ದೇಹಕ್ಕೆ ಹರಿಯುತ್ತದೆ. ಕೆಲವು ಹೃದ್ರೋಗಿಗಳಲ್ಲಿ ಈ ಕೋಣೆಗಳು ತಮ್ಮದೇ ವೇಗದಲ್ಲಿ ಅತಿಯಾಗಿ ಬಡಿದುಕೊಳ್ಳತೊಡಗುತ್ತವೆ. ಇದೇ ಹೃತ್ಕುಕ್ಷಿಯ ಶೀಘ್ರಬಡಿತ. ಇದು ಮಿತಿಮೀರಿದರೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎಂಬ ಸ್ಥಿತಿ ಉಂಟಾಗಬಹುದು. ಆಗ ಹೃದಯದ ಸ್ನಾಯುವಿನ ಒಂದೊಂದು ಭಾಗವೂ ಒಂದೊಂದು ದಿಕ್ಕಿಗೆ ಅದುರುತ್ತದೆಯೇ ಹೊರತು ಒಟ್ಟಾಗಿ ಸಂಕುಚಿಸುವುದಿಲ್ಲ. ರಕ್ತಸಂಚಾರ ನಿಂತು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗಿ ಸಾವು ಸಂಭವಿಸುತ್ತದೆ. ಬಲವಾದ ವಿದ್ಯುದಾಘಾತದಿಂದ ಈ ಅದುರುವಿಕೆಯನ್ನು ನಿಲ್ಲಿಸಬಹುದು ಎಂಬುದು ಆ ಕಾಲಕ್ಕೆ ಹೊಸ ಸಂಗತಿಯೇನಲ್ಲ. 1947ರಲ್ಲಿ ಕ್ಲಾಡ್ ಬೆಕ್ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ತೆರೆದ ಎದೆಯೊಳಗಿನ ಹೃದಯಕ್ಕೆ, 1950ರ ದಶಕದಲ್ಲಿ ಪಾಲ್ ಝೋಲ್ ಎದೆಯ ಹೊರಗಿನಿಂದ ಆಘಾತ ನೀಡಿ ಯಶಸ್ವಿಯಾಗಿದ್ದರು. 1960ರ ದಶಕದ ಆರಂಭದಲ್ಲಿ ಬರ್ನಾರ್ಡ್ ಲೌನ್ ನೇರ ವಿದ್ಯುತ್ತನ್ನು ಬಳಸುವ, ಹೆಚ್ಚು ಸುರಕ್ಷಿತವಾದ ಡಿಫಿಬ್ರಿಲೇಟರನ್ನು ರೂಪಿಸಿದ್ದರು. ಆದರೆ ಆ ಯಂತ್ರ ರೋಗಿಯ ಪಕ್ಕದಲ್ಲಿರಬೇಕು, ಅದನ್ನು ಬಳಸಬಲ್ಲವರೂ ಇರಬೇಕು. ಮನೆಯಲ್ಲೋ ರಸ್ತೆಯಲ್ಲೋ ಕುಸಿದುಬಿದ್ದವನಿಗೆ ಅದರಿಂದ ಪ್ರಯೋಜನವಿರಲಿಲ್ಲ.

1966ರಲ್ಲಿ ಹೆಲರ್ ಅವರಿಗೆ ಹೃತ್ಕುಕ್ಷಿಯ ಶೀಘ್ರಬಡಿತ ಮೇಲಿಂದ ಮೇಲೆ ಕಾಣಿಸಿಕೊಳ್ಳತೊಡಗಿತು. ಮುಂದೇನಾಗಬಹುದೆಂದು ರೋಗಿಗೂ ಗೊತ್ತಿತ್ತು, ಶಿಷ್ಯನಿಗೂ ಗೊತ್ತಿತ್ತು, ಇಬ್ಬರೂ ವೈದ್ಯರು. ಆಗ ಲಭ್ಯವಿದ್ದ ಔಷಧಗಳನ್ನು ನಂಬುವಂತಿರಲಿಲ್ಲ. ಉಳಿದ ದಾರಿ ಎರಡೇ: ಹೆಲರ್ ಜೀವನಪೂರ್ತಿ ಆಸ್ಪತ್ರೆಯಲ್ಲಿ ಇರಬೇಕು, ಇಲ್ಲವೇ ಡಿಫಿಬ್ರಿಲೇಟರ್ ಹೊತ್ತ ವೈದ್ಯನೊಬ್ಬ ಹಗಲಿರುಳು ಅವರ ಬೆನ್ನಹಿಂದೆ ತಿರುಗಬೇಕು. ಕೆಲವೇ ದಿನಗಳಲ್ಲಿ ಹೆಲರ್ ತಮ್ಮ ಕುಟುಂಬದವರೊಡನೆ ಊಟಕ್ಕೆ ಕುಳಿತಿದ್ದಾಗಲೇ ಹಠಾತ್ತನೆ ಅಸುನೀಗಿದರು.

ವೈದ್ಯನನ್ನು ಕಳುಹಿಸಲಾಗದಿದ್ದರೆ ಯಂತ್ರವನ್ನೇ ದೇಹದೊಳಗೆ ಇಡಬಾರದೇಕೆ ಎಂಬ ಪ್ರಶ್ನೆ ಮಿರೋವ್ಸ್ಕಿಯವರಲ್ಲಿ ಮೂಡಿದ್ದು ಈ ಸಂದರ್ಭದಲ್ಲಿ. ಅದಕ್ಕೆ ಪೂರ್ವನಿದರ್ಶನವೂ ಇತ್ತು. 1958ರಲ್ಲಿಯೇ ಸ್ವೀಡನ್‌ನಲ್ಲಿ ಪೇಸ್‌ಮೇಕರ್ ಅನ್ನು ರೋಗಿಯ ದೇಹದಲ್ಲಿ ಅಳವಡಿಸಲಾಗಿತ್ತು. ಆದರೆ ಪೇಸ್‌ಮೇಕರ್ ನೀಡುವುದು ಅತ್ಯಲ್ಪ ಪ್ರಮಾಣದ ವಿದ್ಯುತ್ ಪ್ರಚೋದನೆ. ಡಿಫಿಬ್ರಿಲೇಟರ್‌ಗೆ ಬೇಕಾದ ಶಕ್ತಿ ಅದರ ಲಕ್ಷಾಂತರ ಪಟ್ಟು ಹೆಚ್ಚು. ಅಂದಿನ ಡಿಫಿಬ್ರಿಲೇಟರ್‌ಗಳು ಹದಿನೈದು ಕಿಲೋಗ್ರಾಂ ಆಸುಪಾಸು ತೂಗುತ್ತಿದ್ದವು. ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸುವುದು ಅಸಾಧ್ಯವೆಂದು ಬಲ್ಲವರು ಹೇಳಿದರು. ಇಸ್ರೇಲ್‌ನ ಆಸ್ಪತ್ರೆಯಲ್ಲಿ ಅದಕ್ಕೆ ತಕ್ಕ ಸೌಲಭ್ಯಗಳೂ ಇರಲಿಲ್ಲ.

ಬಾಲ್ಟಿಮೋರ್‌ನಲ್ಲಿ ಆರಂಭ

1968ರಲ್ಲಿ ಬಾಲ್ಟಿಮೋರ್‌ನ ಸೈನಾಯ್ ಆಸ್ಪತ್ರೆಯು ತನ್ನ ಹೊಸ ಹೃದಯಾಘಾತ ನಿಗಾ ಘಟಕಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿತ್ತು. ಅರ್ಧದಷ್ಟು ಸಮಯವನ್ನು ಸಂಶೋಧನೆಗೆ ಮೀಸಲಿಡಬಹುದೆಂಬ ಏರ್ಪಾಡಿನ ಮೇಲೆ ಮಿರೋವ್ಸ್ಕಿ ಈ ಹುದ್ದೆಯನ್ನು ಒಪ್ಪಿಕೊಂಡು, ಸಂಸಾರ ಸಮೇತ ಅಮೆರಿಕಕ್ಕೆ ಬಂದರು. ಆಗ ಅವರಿಗೆ ನಲವತ್ತನಾಲ್ಕು ವರ್ಷ ನಡೆಯುತ್ತಿತ್ತು. ಎಂಜಿನಿಯರಿಂಗ್ ತರಬೇತಿ ಅವರಿಗಿರಲಿಲ್ಲ.

ಅದೇ ಆಸ್ಪತ್ರೆಯ ಯುವ ಹೃದ್ರೋಗ ತಜ್ಞ ಮಾರ್ಟನ್ ಮೋವರ್ ಅವರಿಗೆ ಈ ಯೋಜನೆಯ ಸಾಧ್ಯತೆಯ ಬಗ್ಗೆ ಮೊದಲಿಗೆ ಸಂದೇಹವಿತ್ತು. ಆದರೂ ಕೈಜೋಡಿಸಿದರು. ಇಬ್ಬರೂ ಮೊದಲು ಪರೀಕ್ಷಿಸಬೇಕಾಗಿದ್ದುದು ಒಂದೇ ಅಂಶ: ಹೃದಯಕ್ಕೆ ಹತ್ತಿರದಿಂದ ಕೊಟ್ಟರೆ ಎಷ್ಟು ಕಡಿಮೆ ಶಕ್ತಿ ಸಾಕು? ಎದೆಯ ಹೊರಗಿನಿಂದ ಆಘಾತ ನೀಡಲು 200 ಜೂಲ್ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತಿತ್ತು. 1969ರ ಆಗಸ್ಟ್‌ನಲ್ಲಿ, ಮುರಿದುಹೋಗಿದ್ದ ಡಿಫಿಬ್ರಿಲೇಟರ್ ಪ್ಯಾಡಲ್‌ನ ಲೋಹದ ತಟ್ಟೆಯನ್ನು ನಾಯಿಯೊಂದರ ಎದೆಯ ಚರ್ಮದಡಿ ಇರಿಸಿ, ಇನ್ನೊಂದು ಎಲೆಕ್ಟ್ರೋಡನ್ನು ಅಭಿಧಮನಿಯ ಮೂಲಕ ಹೃದಯದತ್ತ ಸಾಗಿಸಿ, ಕೇವಲ 20 ಜೂಲ್‌ನ ಒಂದೇ ಆಘಾತದಿಂದ ಫಿಬ್ರಿಲೇಷನ್ ನಿಲ್ಲಿಸಿದರು. ಶಕ್ತಿಯ ಲೆಕ್ಕ ಹತ್ತನೆಯ ಒಂದು ಭಾಗಕ್ಕೆ ಇಳಿದ ಆ ದಿನವೇ ಯಂತ್ರವನ್ನು ಚಿಕ್ಕದಾಗಿಸುವ ದಾರಿ ತೆರೆಯಿತು ಎನ್ನಬಹುದು. ಈ ಕೆಲಸದ ವರದಿ 1970ರಲ್ಲಿ ಪ್ರಕಟವಾಯಿತು. ಮಿಸೌರಿಯಲ್ಲಿ ಜಾನ್ ಶೂಡರ್ ಅವರೂ ಸರಿಸುಮಾರು ಅದೇ ಕಾಲದಲ್ಲಿ, ಮಿರೋವ್ಸ್ಕಿ ತಂಡದ ಸಂಪರ್ಕವಿಲ್ಲದೆ, ಇಂಥದೇ ಸಾಧನವನ್ನು ನಾಯಿಗಳಲ್ಲಿ ಪ್ರಯೋಗಿಸಿದ್ದರು. ಆದರೆ ಅವರು ಅದನ್ನು ರೋಗಿಯವರೆಗೆ ಕೊಂಡೊಯ್ಯುವ ಹಾದಿಯಲ್ಲಿ ಮುಂದುವರಿಯಲಿಲ್ಲ.

ವಿರೋಧ

ಹೊಸ ವಿಚಾರಕ್ಕೆ ದೊರೆತ ಸ್ವಾಗತ ತಣ್ಣಗಿತ್ತು. ಆರಂಭದಲ್ಲಿ ಆಸಕ್ತಿ ತೋರಿದ್ದ ಪ್ರಮುಖ ಪೇಸ್‌ಮೇಕರ್ ತಯಾರಿಕಾ ಸಂಸ್ಥೆಯೊಂದು, ಇಂಥ ಸಾಧನಕ್ಕೆ ಮಾರುಕಟ್ಟೆಯಿಲ್ಲವೆಂದು ತೀರ್ಮಾನಿಸಿ ಹಿಂದೆ ಸರಿಯಿತು. 1972ರ ಅಕ್ಟೋಬರ್‌ನಲ್ಲಿ ಅಮೆರಿಕದ ಹೃದ್ರೋಗ ನಿಯತಕಾಲಿಕ ಸರ್ಕ್ಯುಲೇಷನ್‌ನಲ್ಲಿ ಬರ್ನಾರ್ಡ್ ಲೌನ್ ಮತ್ತು ಪಾಲ್ ಆಕ್ಸೆಲ್‌ರಾಡ್ ಬರೆದ ಸಂಪಾದಕೀಯ ಇನ್ನೂ ದೊಡ್ಡ ಪೆಟ್ಟು ನೀಡಿತು. ನೇರ ವಿದ್ಯುತ್ತಿನ ಡಿಫಿಬ್ರಿಲೇಟರ್ ರೂಪಿಸಿದವರೇ ಅದನ್ನು ದೇಹದೊಳಗಿಡುವ ವಿಚಾರವನ್ನು ತಿರಸ್ಕರಿಸಿದ್ದರಿಂದ ಆ ಬರಹಕ್ಕೆ ಬಹಳ ತೂಕ ಬಂತು.

ಲೌನ್ ಅವರ ಆಕ್ಷೇಪಗಳು ಅಸೂಯೆಯಿಂದಲೋ ಹಠದಿಂದಲೋ ಹುಟ್ಟಿದವೆಂದು ತಳ್ಳಿಹಾಕುವಂತಿಲ್ಲ. ಯಾವ ರೋಗಿ ಹಠಾತ್ತನೆ ಸಾಯುವನೆಂದು ಮುಂಚಿತವಾಗಿ ಗುರುತಿಸುವ ವಿಧಾನವೇ ಆಗ ಇರಲಿಲ್ಲ. ಹೀಗಿರುವಾಗ ಎದೆ ತೆರೆಯುವ ಶಸ್ತ್ರಚಿಕಿತ್ಸೆಯ ಅಪಾಯವನ್ನು ಯಾರ ಮೇಲೆ ಹೇರಬೇಕು? ಅಗತ್ಯವಿಲ್ಲದಾಗ ಯಂತ್ರವು ಆಘಾತ ನೀಡಿದರೆ, ಅಗತ್ಯವಿದ್ದಾಗ ನೀಡದೆಹೋದರೆ ಗತಿಯೇನು? ಲಯಭಂಗವನ್ನು ಔಷಧಗಳಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ತಡೆಯುವುದೇ ವಿವೇಕದ ದಾರಿ, ಈ ಸಾಧನವು ತಂತ್ರಜ್ಞಾನ ಕೈಗೆಟುಕುತ್ತದೆ ಎಂಬ ಕಾರಣಕ್ಕೆ ಹುಟ್ಟಿದ ಅಪೂರ್ಣ ಪರಿಹಾರ ಎಂಬುದು ಅವರ ವಾದದ ಸಾರ. ಅಂದಿನ ಬಹುಪಾಲು ಹೃದ್ರೋಗ ತಜ್ಞರ ಅಭಿಪ್ರಾಯವೂ ಅದೇ ಆಗಿತ್ತು.

ಮಿರೋವ್ಸ್ಕಿ ತಮ್ಮ ನಿಲುವನ್ನು ಬದಲಿಸಲಿಲ್ಲ. ಲಯಭಂಗವನ್ನು ಔಷಧದಿಂದ ತಡೆಯಬಹುದೆಂಬ ಭರವಸೆಯನ್ನು ಅವರು ಹೆಲರ್ ಅವರ ಹಾಸಿಗೆಯ ಪಕ್ಕದಲ್ಲಿಯೇ ಕಳೆದುಕೊಂಡಿದ್ದರು.

ಯಂತ್ರ ರೂಪುಗೊಂಡ ಬಗೆ

ಅದೇ 1972ರಲ್ಲಿ ಆದ ಒಂದು ಪರಿಚಯ ಯೋಜನೆಯನ್ನು ಉಳಿಸಿತು. ಪಿಟ್ಸ್‌ಬರ್ಗ್ ಬಳಿ ಮೆಡ್ರಾಡ್ ಎಂಬ ಚಿಕ್ಕ ವೈದ್ಯಕೀಯ ಉಪಕರಣ ಸಂಸ್ಥೆಯನ್ನು ಸ್ಥಾಪಿಸಿದ್ದ ವೈದ್ಯ ಸ್ಟೀಫನ್ ಹೈಲ್‌ಮನ್ ಈ ಸಾಧನವನ್ನು ತಯಾರಿಸಲು ಮುಂದೆ ಬಂದರು. ಇದಕ್ಕಾಗಿಯೇ ಮುಂದೆ ಇಂಟೆಕ್ ಸಿಸ್ಟಮ್ಸ್ ಎಂಬ ಅಂಗಸಂಸ್ಥೆ ರೂಪುಗೊಂಡಿತು. ಅಲ್ಲಿನ ಎಂಜಿನಿಯರ್ ಅಲೋಯಿಸ್ ಲ್ಯಾಂಗರ್ ಮಿರೋವ್ಸ್ಕಿ ಮತ್ತು ಮೋವರ್ ಅವರ ನಿಕಟ ಸಹಯೋಗಿಯಾದರು.

ಆಘಾತ ನೀಡುವುದಕ್ಕಿಂತ ಯಾವಾಗ ನೀಡಬೇಕೆಂದು ಯಂತ್ರಕ್ಕೆ ತಿಳಿಸುವುದೇ ಕಠಿಣವಾಗಿತ್ತು. ಮೊದಲ ಮಾದರಿಯು ಬಲ ಹೃತ್ಕುಕ್ಷಿಯೊಳಗಿನ ರಕ್ತದ ಒತ್ತಡವನ್ನು ಅಳೆಯುತ್ತಿತ್ತು. ಒತ್ತಡ ಇಲ್ಲವಾದರೆ ಹೃದಯ ನಿಂತಿದೆ ಎಂದರ್ಥ. ಆದರೆ ಒತ್ತಡ ಅಳೆಯುವ ತಂತು ಕೆಟ್ಟರೂ ಯಂತ್ರಕ್ಕೆ ಹೃದಯ ನಿಂತಂತೆಯೇ ತೋರುತ್ತದೆ, ಎಚ್ಚರವಾಗಿರುವ ಮನುಷ್ಯನ ಎದೆಗೆ ಆಘಾತ ಬೀಳುತ್ತದೆ. ಲ್ಯಾಂಗರ್ ಮತ್ತು ಸಂಗಡಿಗರು ಇದಕ್ಕೆ ಬದಲಾಗಿ ಹೃದಯದ ವಿದ್ಯುತ್ ಸಂಕೇತದ ಆಕಾರವನ್ನೇ ಆಧಾರವಾಗಿಸಿದರು. ಸಹಜ ಇಸಿಜಿಯಲ್ಲಿ ಚೂಪಾದ ಏರಿಳಿತಗಳು ಕ್ಷಣಮಾತ್ರ ಬಂದುಹೋಗಿ, ಉಳಿದ ಹೆಚ್ಚಿನ ಸಮಯ ರೇಖೆಯು ತನ್ನ ತಳಮಟ್ಟದಲ್ಲಿ ಚಲಿಸುತ್ತದೆ. ಫಿಬ್ರಿಲೇಷನ್‌ನಲ್ಲಾದರೋ ರೇಖೆ ತಳಮಟ್ಟದಲ್ಲಿ ನಿಲ್ಲುವುದೇ ಇಲ್ಲ, ಸದಾ ಅಲೆಯಾಡುತ್ತಿರುತ್ತದೆ. ರೇಖೆಯು ತಳಮಟ್ಟದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬ ಸಂಭಾವ್ಯತೆಯ ಲೆಕ್ಕದಿಂದ ಎರಡನ್ನೂ ಬೇರ್ಪಡಿಸಲು ಸಾಧ್ಯವಾಯಿತು. ಬಡಿತದ ವೇಗವನ್ನು ಎಣಿಸುವ ಕ್ರಮವು ನಂತರದ ಮಾದರಿಗಳಲ್ಲಿ ಪ್ರಧಾನವಾಯಿತಾದರೂ, ಆರಂಭದಲ್ಲಿ ಯಂತ್ರವನ್ನು ನಂಬಲರ್ಹವಾಗಿಸಿದ್ದು ಈ ಲೆಕ್ಕವೇ.

1970ರ ದಶಕದ ನಡುಭಾಗದಲ್ಲಿ ಸಂಪೂರ್ಣ ಸಾಧನವನ್ನು ನಾಯಿಯ ದೇಹದಲ್ಲಿ ಅಳವಡಿಸಲಾಯಿತು. ಸಭೆಗಳಲ್ಲಿ ತೋರಿಸಲು ತಂಡವು ಒಂದು ಚಲನಚಿತ್ರವನ್ನೂ ತಯಾರಿಸಿತು. ನಿಂತಿರುವ ನಾಯಿಗೆ ಫಿಬ್ರಿಲೇಷನ್ ಉಂಟುಮಾಡಿದಾಗ ಅದು ಕುಸಿದುಬೀಳುತ್ತದೆ. ಕೆಲವು ಕ್ಷಣಗಳ ನಂತರ ಯಂತ್ರ ಆಘಾತ ನೀಡುತ್ತದೆ. ನಾಯಿ ಎದ್ದುನಿಂತು ಬಾಲ ಅಲ್ಲಾಡಿಸುತ್ತದೆ. ಚಿತ್ರ ನೋಡಿದ ಕೆಲವರು, ಬೀಳುವಂತೆ ಏಳುವಂತೆ ನಾಯಿಯನ್ನು ಪಳಗಿಸಿರಬಹುದು ಎಂದು ಶಂಕಿಸಿದರು. ಆನಂತರ ಚಿತ್ರದ ಜೊತೆಯಲ್ಲಿಯೇ ನಾಯಿಯ ಇಸಿಜಿಯನ್ನೂ ತೋರಿಸುವ ವ್ಯವಸ್ಥೆ ಮಾಡಲಾಯಿತು.

ಮೊದಲ ಅಳವಡಿಕೆ

1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಈ ಸಾಧನವನ್ನು ಮನುಷ್ಯರಲ್ಲಿ ಅಳವಡಿಸಲಾಯಿತು. ಎರಡು ದಶಕಗಳ ಹಿಂದೆ ಮಿರೋವ್ಸ್ಕಿ ತರಬೇತಿಗೆ ಬಂದಿದ್ದ ಆಸ್ಪತ್ರೆಯೇ ಅದು. ರೋಗಿ ಕ್ಯಾಲಿಫೋರ್ನಿಯಾದಿಂದ ಬಂದಿದ್ದ 57 ವರ್ಷದ ಮಹಿಳೆ. ಶಸ್ತ್ರಚಿಕಿತ್ಸೆ ನಡೆಸಿದವರು ಲೆವಿ ವಾಟ್‌ಕಿನ್ಸ್. ಹೃದ್ರೋಗ ತಜ್ಞ ಫಿಲಿಪ್ ರೀಡ್ ತಂಡದಲ್ಲಿದ್ದರು. ಕನಿಷ್ಠ ಎರಡು ಬಾರಿ ಹೃದಯಸ್ತಂಭನಕ್ಕೆ ಒಳಗಾಗಿ ಬದುಕುಳಿದವರನ್ನು ಮಾತ್ರ ಈ ಪ್ರಯೋಗಕ್ಕೆ ಆರಿಸಲಾಗುತ್ತಿತ್ತು. ಇದೊಂದು ವಿಚಿತ್ರ ನಿಯಮವೆನಿಸಬಹುದು, ಏಕೆಂದರೆ ಅಂದು ಆಸ್ಪತ್ರೆಯ ಹೊರಗೆ ಹೃದಯಸ್ತಂಭನವಾದವರಲ್ಲಿ ಒಮ್ಮೆ ಬದುಕಿದವರೇ ವಿರಳ.

ಸಾಧನದ ತೂಕ ಸುಮಾರು 250 ಗ್ರಾಂ, ಗಾತ್ರ 145 ಮಿಲಿಲೀಟರ್. ಎದೆಯಲ್ಲಿ ಇರಿಸಲು ಅದು ತೀರ ದೊಡ್ಡದಾದ್ದರಿಂದ ಹೊಟ್ಟೆಯ ಚರ್ಮದಡಿ ಹುದುಗಿಸಬೇಕಾಗಿತ್ತು. ಅಲ್ಲಿಂದ ಹೊರಟ ತಂತುಗಳಲ್ಲಿ ಒಂದು, ಹೃದಯಕ್ಕೆ ರಕ್ತ ತರುವ ಮೇಲಿನ ಮಹಾ ಅಭಿಧಮನಿಯೊಳಗೆ ಇರುತ್ತಿತ್ತು. ಇನ್ನೊಂದನ್ನು ಎದೆ ತೆರೆದು ಹೃದಯದ ತುದಿಗೆ ಬಟ್ಟಲಿನಂತೆ ಕೂರಿಸಲಾಗುತ್ತಿತ್ತು. ಫಿಬ್ರಿಲೇಷನ್ ಗುರುತಿಸಿದ ಮೇಲೆ ಯಂತ್ರವು ಕೆಪಾಸಿಟರ್‌ಗಳಲ್ಲಿ ಶಕ್ತಿ ತುಂಬಿಕೊಂಡು ಸುಮಾರು 25 ಜೂಲ್‌ನ ಆಘಾತ ನೀಡುತ್ತಿತ್ತು. ಫಲಿಸದಿದ್ದರೆ ಮತ್ತೆ ಪ್ರಯತ್ನಿಸುತ್ತಿತ್ತು. ಅದು ಕೆಲಸ ಮಾಡುತ್ತದೆಂದು ಖಚಿತಪಡಿಸಿಕೊಳ್ಳಲು, ಯಾವ ಸ್ಥಿತಿಯಿಂದ ರೋಗಿಯನ್ನು ರಕ್ಷಿಸಬೇಕೋ ಅದೇ ಸ್ಥಿತಿಯನ್ನು ವೈದ್ಯರು ಉದ್ದೇಶಪೂರ್ವಕವಾಗಿ ಉಂಟುಮಾಡಿ ಕಾಯಬೇಕಾಗಿತ್ತು. ಮೊದಲ ಮೂವರು ರೋಗಿಗಳ ವರದಿಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು.

ಆರಂಭಿಕ ಸಾಧನಗಳ ಕೊರತೆಗಳು ಹಲವು. ಬ್ಯಾಟರಿಯ ಆಯುಷ್ಯ ಕಡಿಮೆ. ಹೊರಗಿನಿಂದ ಹೊಂದಾಣಿಕೆಗಳನ್ನು ಬದಲಿಸಲು ಬರುತ್ತಿರಲಿಲ್ಲ. ಹೃದಯದ ಮೇಲ್ಕೋಣೆಗಳಿಂದ ಬರುವ ನಿರಪಾಯದ ಶೀಘ್ರಬಡಿತವನ್ನೂ ಅಪಾಯವೆಂದು ತಪ್ಪಾಗಿ ಗ್ರಹಿಸಿ ಕೆಲವೊಮ್ಮೆ ಆಘಾತ ನೀಡುತ್ತಿದ್ದವು. ಎಚ್ಚರವಿದ್ದಾಗ ಎದೆಗೆ ಒದ್ದಂತೆ ಬರುವ ಈ ಆಘಾತದ ಭಯದಲ್ಲೇ ಬದುಕುವುದು ಹಲವು ರೋಗಿಗಳಿಗೆ ಹೊಸ ಸಂಕಟವಾಯಿತು. ಲೌನ್ ಮುಂಗಂಡ ತೊಂದರೆಗಳಲ್ಲಿ ಇದೂ ಒಂದು. 1982ರ ಹೊತ್ತಿಗೆ ಫಿಬ್ರಿಲೇಷನ್ ಮಾತ್ರವಲ್ಲದೆ ಹೃತ್ಕುಕ್ಷಿಯ ಶೀಘ್ರಬಡಿತವನ್ನೂ ನಿಲ್ಲಿಸಬಲ್ಲ ಸುಧಾರಿತ ಮಾದರಿ ಬಂದಿತು. 1985ರ ಅಕ್ಟೋಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸಾಧನದ ಬಳಕೆಗೆ ಅನುಮೋದನೆ ನೀಡಿತು. ಅದೇ ವರ್ಷ ಇಂಟೆಕ್ ಸಂಸ್ಥೆಯ ಈ ವ್ಯವಹಾರ ಪೇಸ್‌ಮೇಕರ್ ತಯಾರಕರಾದ ಸಿಪಿಐ ಸಂಸ್ಥೆಗೆ ಸೇರಿತು.

ನಿಧನ ಮತ್ತು ಆನಂತರ

ಮಿರೋವ್ಸ್ಕಿಯವರು ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ 1990ರ ಮಾರ್ಚ್ 26ರಂದು, ತಮ್ಮ 65ನೆಯ ವಯಸ್ಸಿನಲ್ಲಿ ನಿಧನರಾದರು.

ಅದಕ್ಕೆ ಕೆಲವು ತಿಂಗಳ ಮುಂಚೆ, 1989ರಲ್ಲಿ, ಕಾಸ್ಟ್ ಎಂಬ ಹೆಸರಿನ ದೊಡ್ಡ ಅಧ್ಯಯನದ ಆರಂಭಿಕ ಫಲಿತಾಂಶ ಪ್ರಕಟವಾಗಿತ್ತು. ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಅಡ್ಡಾದಿಡ್ಡಿ ಬಡಿತಗಳನ್ನು ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳು ಅಡಗಿಸಿದರೂ, ಅವನ್ನು ಸೇವಿಸಿದವರಲ್ಲಿಯೇ ಸಾವು ಹೆಚ್ಚಾಗಿದ್ದುದು ಅದರಿಂದ ತಿಳಿದುಬಂತು. ಔಷಧದಿಂದಲೇ ಹಠಾತ್ ಮರಣವನ್ನು ತಡೆಯಬಹುದೆಂಬ ಎರಡು ದಶಕಗಳ ನಿರೀಕ್ಷೆಗೆ ಇದರಿಂದ ಧಕ್ಕೆಯಾಯಿತು. ಯಾರಿಗೆ ಈ ಸಾಧನ ಬೇಕು ಎಂಬ ಲೌನ್ ಅವರ ಪ್ರಶ್ನೆಗೆ ಮಾತ್ರ ಮಿರೋವ್ಸ್ಕಿಯವರ ಜೀವಿತಕಾಲದಲ್ಲಿ ಪೂರ್ಣ ಉತ್ತರ ಸಿಗಲಿಲ್ಲ. ಆರ್ಥರ್ ಮಾಸ್ ಅವರ ನೇತೃತ್ವದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಮ್ಯಾಡಿಟ್ ಅಧ್ಯಯನವು, ಹೃದಯಾಘಾತದಿಂದ ಹೃದಯದ ಶಕ್ತಿ ಕುಂದಿ ಲಯಭಂಗದ ಲಕ್ಷಣ ತೋರುತ್ತಿದ್ದ, ಆದರೆ ಇನ್ನೂ ಹೃದಯಸ್ತಂಭನಕ್ಕೆ ಒಳಗಾಗದ ರೋಗಿಗಳಲ್ಲಿ ಈ ಸಾಧನ ಸಾವನ್ನು ಕಡಿಮೆ ಮಾಡುತ್ತದೆಂದು ತೋರಿಸಿತು. ಹೃದಯಸ್ತಂಭನದಂಥ ಗಂಡಾಂತರದಿಂದ ಪಾರಾದವರಲ್ಲಿ ಸಾಧನವು ಔಷಧಗಳಿಗಿಂತ ಉತ್ತಮವೆಂದು 1997ರ ಏವಿಡ್ ಅಧ್ಯಯನ ನಿರ್ಧರಿಸಿತು. ಎರಡು ಬಾರಿ ಸತ್ತು ಬದುಕಿದವರಿಗೆ ಮಾತ್ರ ಮೀಸಲಾಗಿದ್ದ ಚಿಕಿತ್ಸೆ ಹೀಗೆ ಒಮ್ಮೆಯೂ ಕುಸಿದುಬೀಳದವರಿಗೂ ದೊರೆಯುವಂತಾಯಿತು.

1990ರ ದಶಕದಲ್ಲಿ ತಂತುಗಳನ್ನು ಅಭಿಧಮನಿಯ ಮೂಲಕವೇ ಸಾಗಿಸುವ ವಿಧಾನ ರೂಢಿಗೆ ಬಂದುದರಿಂದ ಎದೆ ತೆರೆಯುವ ಅಗತ್ಯ ಇಲ್ಲವಾಯಿತು. ಸಾಧನದ ಗಾತ್ರವೂ ಇಳಿದು ಪೇಸ್‌ಮೇಕರ್‌ನಂತೆ ಭುಜದ ಕೆಳಗೆ, ಎದೆಯ ಮೇಲ್ಭಾಗದ ಚರ್ಮದಡಿ ಇರಿಸಲು ಸಾಧ್ಯವಾಯಿತು. ಇಂದಿನ ಸಾಧನಗಳ ಗಾತ್ರ ಸುಮಾರು 30 ಮಿಲಿಲೀಟರ್. ಅಗತ್ಯವಿದ್ದಾಗ ಅವು ಪೇಸ್‌ಮೇಕರ್ ಆಗಿಯೂ ಕೆಲಸ ಮಾಡುತ್ತವೆ, ಪ್ರತಿಯೊಂದು ಲಯಭಂಗದ ದಾಖಲೆಯನ್ನೂ ಇಟ್ಟುಕೊಳ್ಳುತ್ತವೆ.

2002ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಮಿರೋವ್ಸ್ಕಿಯವರ ಹೆಸರನ್ನು ಮೋವರ್, ಹೈಲ್‌ಮನ್ ಮತ್ತು ಲ್ಯಾಂಗರ್ ಅವರ ಹೆಸರುಗಳೊಂದಿಗೆ ಸೇರಿಸಲಾಯಿತು. ಮೋವರ್ ಅವರು ಹೃದಯದ ಎರಡೂ ಹೃತ್ಕುಕ್ಷಿಗಳು ಏಕಕಾಲಕ್ಕೆ ಸಂಕುಚಿಸುವಂತೆ ಮಾಡುವ ಪೇಸ್‌ಮೇಕರ್ ಚಿಕಿತ್ಸೆಯ ವಿಕಾಸಕ್ಕೂ ಕಾರಣರಾಗಿ, 2022ರಲ್ಲಿ ನಿಧನರಾದರು.